ಕಸಿ ಪಟ್ಟಿ

"ಮುಟ್ಟಬ್ಯಾಡ್ರಿ!"

ನೆರೆಮನೆಯ ತುಳಜಾರಾಮನ ಬೆರಳು ಇನ್ನೇನು ಮೋಟರಿನ ಸ್ವಿಚ್ಚಿಗೆ ತಾಗಬೇಕು, ಅಷ್ಟರಲ್ಲಿ ಮಚ್ಚೇಂದ್ರ ಎರಡು ಕುಂಡ ಉರುಳಿಸಿಕೊಂಡು ಓಡಿಬಂದು ಅವನ ರಟ್ಟೆ ಹಿಡಿದು ಎಳೆದ. ಎಳೆದ ರಭಸಕ್ಕೆ ಮುದುಕನ ಟೋಪಿ ಕೆಸರಿನಲ್ಲಿ ಬಿತ್ತು. ನೆರಳುಪರದೆಯ ಕೆಳಗೆ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಇತ್ತ ನೋಡಿದರು.

"ಹುಚ್ಚ ಹಿಡದದೇನಲೇ ನಿನಗ?" ತುಳಜಾರಾಮ ಟೋಪಿ ಎತ್ತಿ ಮೊಣಕಾಲಿಗೆ ಬಡಿದ. "ಟಾಕಿ ಖಾಲಿ ಬಿದ್ದದ. ಸಿರಾಜಭಾಯಿ ಮಯ್ಯತ್ತಿಗೆ ಕಡೀ ಸ್ನಾನ ಮಾಡ್ಸಾಕ ಅಜೀಮುದ್ದೀನ್ ಬಂದು ಕುಂತಾನ. ಕರೆಂಟ್ ಈಗರೆ ಬಂದದ."

"ಮೋಟರ್ ಸುಟ್ಟದರಿ ಕಾಕಾ."

"ಯಾವಾಗ? ನಿನ್ನಿ ಸಂಜೀಕ ನಮ್ಮ ಹಿತ್ತಲತನಕ ನೀರು ಹರದಿತ್ತಲ್ಲ!"

"ಅದಾದ ಮ್ಯಾಲ ಸುಟ್ಟದ. ನಿಮ್ಮ ಬೋರಿನಿಂದ ನಾ ಹೊತ್ತು ತರ್ತೀನಿ. ನೀವು ಅತ್ತ ಹೋಗಿ ಕುಂಡ್ರಿ."

ಹೇಳಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತ. ಅಂಗಿ ಬೆವರಿಗೆ ಮೈಗಂಟಿತ್ತು. ಮೋಟರ್ ಸುಟ್ಟಿರಲಿಲ್ಲ.

ರಾಜೇಶ್ವರ ಊರಿನ ಅಂಚಿಗೆ, ಹುಮನಾಬಾದ್ ರಸ್ತೆಗೆ ಹತ್ತಿಕೊಂಡೇ ಸಿರಾಜುದ್ದೀನನ ನರ್ಸರಿ. ಹಿಂದೆ ಎರಡು ಖೋಲಿಯ ಮನೆ. ಮುಂದೆ ಕಬ್ಬಿಣದ ಪೈಪುಗಳ ಮೇಲೆ ಹಸಿರು ಪರದೆ, ಪರದೆಯ ಕೆಳಗೆ ಕಸಿ ಕಟ್ಟಿದ ಗಿಡಗಳು. ತಿನ್ನುವ ಹಣ್ಣಿನದು ಒಂದೂ ಇಲ್ಲ. ಒಂದೇ ಬೊಡ್ಡೆಯ ಮೇಲೆ ನಾಲ್ಕು ಬಣ್ಣ ಬಿಡುವ ಕಾಗದದ ಹೂವಿನ ಗಿಡ, ಎದೆಯೆತ್ತರಕ್ಕೆ ಬರೀ ಕೋಲಿನಂತೆ ಬೆಳೆದು ತುದಿಯಲ್ಲಿ ಕೊಡೆ ಬಿಚ್ಚುವ ಗುಲಾಬಿ, ಎರಡು ಬಣ್ಣದ ದಾಸವಾಳ. ಬಸವಕಲ್ಯಾಣದ, ಹುಮನಾಬಾದಿನ ದೊಡ್ಡ ಮನೆಗಳ ಅಂಗಳಕ್ಕೆಲ್ಲ ಇಲ್ಲಿಂದಲೇ ಗಿಡ ಹೋಗುತ್ತಿದ್ದವು. ಹೋದ ಮೇಲೂ ವಾರಕ್ಕೊಮ್ಮೆ ಹೋಗಿ ಅವುಗಳ ಆರೈಕೆ ಮಾಡುವ ಕೆಲಸ ಸಿರಾಜುದ್ದೀನನದು. ಅವನದು ಮತ್ತು ಮಚ್ಚೇಂದ್ರನದು. ಇಪ್ಪತ್ತೆರಡು ವರ್ಷದಿಂದ.

ಸ್ವಿಚ್ಚಿನ ಬೋರ್ಡಿನಿಂದ ಹೊರಟ ವೈರು ಪರದೆಯ ಪೈಪುಗಳಿಗೆ ಬಿಗಿಸಿಕೊಂಡು ನೀರಿನ ಗುಂಡಿಯ ಮೇಲಿನ ಮೋಟರಿಗೆ ಹೋಗುತ್ತದೆ. ಮೂರನೆಯ ಪೈಪಿನ ಹತ್ತಿರ, ಕೆಂಪು-ಬಿಳಿ ಕಾಗದದ ಹೂವಿನ ಹಿಂದೆ, ವೈರಿನ ಮೈಮೇಲಿನ ರಬ್ಬರು ಸುಲಿದು ತಾಮ್ರ ಹೊರಬಿದ್ದಿದೆ. ಅದರ ಮೇಲೆ ಕಸಿ ಕಟ್ಟುವ ಹಸಿರು ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಈ ಪಟ್ಟಿಗೆ ಅಂಟು ಇರುವುದಿಲ್ಲ. ಸುತ್ತಿ ಗಂಟು ಹಾಕಬೇಕು ಅಷ್ಟೇ. ಗಿಡದ ಗಾಯಕ್ಕೆ ಅದು ಸಾಕು, ವೈರಿನ ಗಾಯಕ್ಕೆ ಸಾಲದು. ನೀರು ಒಳಗೆ ಹೋಗುತ್ತದೆ.

ಆ ಮೂರನೆಯ ಪೈಪಿಗೇ ಈಗ ಐದು ಮಂದಿ ಹೆಂಗಸರು ಒರಗಿ ಕೂತಿದ್ದರು.

ಬೆಳಿಗ್ಗೆ ಆರೂವರೆಗೆ ಮಚ್ಚೇಂದ್ರ ಮೊದಲ ಬಸ್ಸಿಳಿದು ಬಂದಾಗ ಸಿರಾಜುದ್ದೀನ ಅದೇ ಪೈಪಿನ ಬುಡದಲ್ಲಿ, ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ. ಅಷ್ಟೊತ್ತಿಗೆ ಕರೆಂಟ್ ಹೋಗಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಕಪ್ಪು ಗುರುತು, ನಡುವೆ ತಗ್ಗು, ಸುತ್ತ ಬಿಳಿ ಅಂಚು. ಮಚ್ಚೇಂದ್ರ ಮೊದಲು ಸ್ವಿಚ್ಚು ಆರಿಸಿದ. ಆಮೇಲೆ ಕೆಲಸ ಕಲಿಸಿದ ಉಸ್ತಾದನ ಬೆರಳು ಮಡಚಿ ಮುಷ್ಟಿ ಮಾಡಿದ. ಅದಾದ ಮೇಲೆ ಕೂಗಿದ. ಯಾವುದು ಮೊದಲು ಯಾವುದು ಕೊನೆಗೆ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು.

ದವಾಖಾನೆಯಲ್ಲಿ 'ಹಾರ್ಟ್' ಅಂದರು. ಅರವತ್ತಾರು ವಯಸ್ಸು, ಬಿ.ಪಿ. ಗುಳಿಗೆ ನುಂಗುತ್ತಿದ್ದ ಮನುಷ್ಯ. ಮುಂದೆ ಯಾರೂ ಕೇಳಲಿಲ್ಲ. ಸಿರಾಜುದ್ದೀನನ ಹೆಂಡತಿ ವಜೀರಬಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಹುಮನಾಬಾದಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮಗ ಸೋಹೇಲ ಗಾಡಿ ಹೊಡೆದುಕೊಂಡು ಬಂದ. ಮಧ್ಯಾಹ್ನ ಜುಮ್ಮಾ ನಮಾಜಿನ ನಂತರ ದಫನ್, ಮಣ್ಣು ಮಾಡುವುದು ಎಂದು ಹಿರಿಯರು ನಿಶ್ಚಯ ಮಾಡಿದರು. ಅಲ್ಲಿಯತನಕ ಯಾರೂ ಸ್ವಿಚ್ಚು ಹಾಕಬಾರದು, ಯಾರೂ ಆ ಮುಷ್ಟಿ ಬಿಚ್ಚಬಾರದು. ಮಚ್ಚೇಂದ್ರನಿಗೆ ಬೇಕಾಗಿದ್ದದ್ದು ಇಷ್ಟೇ.

ಬೋರಿನ ಹತ್ತಿರ ನಾಲ್ಕೈದು ಜನ ಗಂಡಸರು ಕೂತಿದ್ದರು. ಮಚ್ಚೇಂದ್ರ ಕೊಡ ಹಿಡಿದು ನಿಂತಾಗ ತುಳಜಾರಾಮ ಅವರಿಗೆ ಹೇಳುತ್ತಿದ್ದ: "ಸಿರಾಜಭಾಯಿ ಮೊನ್ನಿ ಸೋಮವಾರ ಸುದ್ದಾ ನನ್ನ ಆಡಿಗೆ ಬೈದಾನ. ಅದು ಸತ್ತು ಹದಿನೆಂಟು ವರ್ಷಾತು! 'ನಿನ್ನ ಆಡು ನನ್ನ ನಾಲ್ಕ್ ಬಣ್ಣದ ಗಿಡ ತಿಂತು' ಅಂತ. ಅಲ್ಲೋ ಮಾರಾಯ, ಸತ್ತವರನ್ನ ಬೈಬಾರದು ಅಂತ ನಿಮ್ಮಾಗ ಇಲ್ಲೇನು ಅಂದೆ. 'ಮನಷ್ಯಾರಿಗೆ ಅದ, ನಿನ್ನ ಆಡಿಗಿಲ್ಲ' ಅಂದ."

ಗಂಡಸರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಈಗ ಅಲ್ಲೇ ಹೋಗ್ಯಾನ, ಆಡಿನ ಜೋಡಿ ಜಗಳಾ ತೆಗದಿರ್ತಾನ," ಎಂದ ಒಬ್ಬ.

ಮಚ್ಚೇಂದ್ರ ನಗಲಿಲ್ಲ. ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು.

*

ಇಪ್ಪತ್ತೆರಡು ವರ್ಷದ ಹಿಂದೆ ಮಚ್ಚೇಂದ್ರ ದುಬಲಗುಂಡಿಯಿಂದ ತಗ್ಗು ತೋಡುವ ಕೂಲಿಗೆಂದು ಬಂದ ಮೊದಲ ವಾರ ಅದು. "ಬ್ಯಾಡಾದ ಚಿಗುರು ತೆಗೀಲೇ" ಎಂದು ಹೇಳಿ ಸಿರಾಜುದ್ದೀನ ನಮಾಜಿಗೆ ಹೋಗಿದ್ದ. ಯಾವುದು ಬೇಡವಾದದ್ದು ಎಂದು ಹೇಳಿರಲಿಲ್ಲ. ಮಚ್ಚೇಂದ್ರ ನೋಡಿದ. ಬೊಡ್ಡೆಯ ಬುಡದಿಂದ ಬೆರಳು ದಪ್ಪದ, ಮುಳ್ಳಿನ, ಹಚ್ಚಹಸಿರು ಟೊಂಗೆ ಎದ್ದಿತ್ತು. ಮೇಲೆ ಪಟ್ಟಿ ಸುತ್ತಿಸಿಕೊಂಡ ನಾಲ್ಕು ಸಣಕಲು ಕಡ್ಡಿಗಳಿದ್ದವು. ಹೊಲದಲ್ಲಿ ಬೆಳೆದವ ಏನು ಮಾಡುತ್ತಾನೆ? ಜೋಳದಲ್ಲಿ ಸೊರಗಿದ ಸಸಿ ಕಿತ್ತು ಜೋರಿದ್ದದ್ದನ್ನು ಬಿಡುತ್ತಾನೆ. ಹಾಗೇ ಮಾಡಿದ. ಒಂದೂವರೆ ವರ್ಷದ ಕೆಲಸವನ್ನು, ನಾಲ್ಕು ಬಣ್ಣವನ್ನು, ನಾಲ್ಕು ಏಟಿಗೆ ಕತ್ತರಿಸಿ ಒಗೆದ.

ಸಿರಾಜುದ್ದೀನ ಬಂದು ನಿಂತ. ಅವನ ಮುಖದ ಬಣ್ಣ ನೋಡಿಯೇ ಮಚ್ಚೇಂದ್ರನಿಗೆ ತಾನು ಮಾಡಿದ್ದು ಗೊತ್ತಾಯಿತು. ಬಾಯಿಂದ ಮಾತು ತಾನಾಗೇ ಬಂತು: "ಆಡು ತಿಂತ್ರಿ."

ಸಿರಾಜುದ್ದೀನ ಕೋಲು ಹಿಡಿದು ತುಳಜಾರಾಮನ ಬಾಗಿಲಿಗೆ ಹೋದ. ಓಣಿ ಕೂಡುವಂಥ ಜಗಳವಾಯಿತು. ಅವತ್ತಿನಿಂದ ಆ ಆಡಿನ ಕೊರಳಿಗೆ ಹಗ್ಗ ಬಿತ್ತು, ಸಾಯುವತನಕ ಬಿಚ್ಚಲಿಲ್ಲ.

ಸಂಜೆ ಸಿರಾಜುದ್ದೀನ ಇವನನ್ನು ಪಕ್ಕ ಕೂರಿಸಿಕೊಂಡು ಹೆಬ್ಬೆರಳಿನಿಂದ ಬೊಡ್ಡೆ ಸವರಿ ತೋರಿಸಿದ. "ಇದು ಗಂಟು. ಗಂಟಿನ ಕೆಳಗ ಹುಟ್ಟೂದು ಕಾಡಿಂದು. ನಾ ಅದಕ್ಕ ಅಳಿಯ ಅಂತೀನಿ. ಕರೀದೇ ಬರ್ತಾನ, ಎಲ್ಲಾ ತಾನೇ ತಿಂದು ಉಬ್ತಾನ. ಕಂಡಲ್ಲೆ ತೆಗಿ. ಗಂಟಿನ ಮ್ಯಾಲಿಂದು ಮಗಳು. ಸಣ್ಣಾಕಿ ಇದ್ರೂ ಆಕೀನೇ ಮನಿ ಬೆಳಗೂದು. ತಿಳೀತಿಲ್ಲೋ?"

ತಿಳಿಯಿತು. ಆಡಿನ ವಿಷಯ ಹೇಳಲು ಆವತ್ತು ಧೈರ್ಯವಾಗಲಿಲ್ಲ. ಮರುದಿನವೂ ಆಗಲಿಲ್ಲ. ವರ್ಷ ಕಳೆದ ಮೇಲೆ ಹೇಳುವುದೇ ವಿಚಿತ್ರವಾಗುತ್ತಿತ್ತು. ಸುಳ್ಳು ದಕ್ಕಿತು, ಅಷ್ಟೇ.

*

ಹತ್ತನೆಯ ಕೊಡ ಇಳಿಸುವಾಗ ಸೋಹೇಲ ಬಂದ. ಅತ್ತು ಅತ್ತು ಕಣ್ಣು ಬಾತಿದ್ದವು.

"ಮೋಟರ್ ಸುಟ್ಟದಂತ, ಮಾಮಾ?"

"ಹೌದಪಾ."

"ನಾ ಊರ ಮಂದೀದೆಲ್ಲ ರಿಪೇರಿ ಮಾಡ್ತೀನಿ. ಇವತ್ತ ನನ್ನ ಅಬ್ಬಾನ ಮಯ್ಯತ್ತಿಗೆ ನೀ ನೀರು ಹೊರ್ತಿ. ಅತ್ತ ಸರಿ, ನೋಡ್ತೀನಿ ಏನಾಗ್ಯದಂತ."

"ಈಗ ಬ್ಯಾಡ. ಈಗ ಅದೆಲ್ಲ ಯಾಕಪಾ, ಮಣ್ಣು ಆಗಲಿ ಮೊದಲ."

ಸೋಹೇಲ ಒಂದು ಹೆಜ್ಜೆ ಮೋಟರಿನ ಕಡೆಗೆ ಇಟ್ಟೇಬಿಟ್ಟ. ಆಗ ಹಿತ್ತಲ ಪರದೆಯ ಮರೆಯಿಂದ ಅಜೀಮುದ್ದೀನ್ ಕೂಗಿದ: "ಬೇಟಾ, ಬಾ. ಮಗನ ಕೈ ನೀರೂ ಬೀಳಬೇಕು." ಸೋಹೇಲ ತಿರುಗಿ ಹೋದ. ಮಚ್ಚೇಂದ್ರ ಕುಂಡವೊಂದರ ಅಂಚು ಹಿಡಿದು ಕೂತ. ಮಗನ ಕೈ ಅಂದರೆ, ಮುಷ್ಟಿ ಬಿಚ್ಚಿ ಬೆರಳ ಸಂದಿಗೆಲ್ಲ ನೀರು ಬಿಡುವ ಕೈ.

ಅವನ ಹೆಂಡತಿ ಕಮಳಾಬಾಯಿ ಆಗಲೇ ಬಸ್ಸಿಳಿದು ಬಂದದ್ದು. ಗಂಡನ ಮುಖ ನೋಡಿ, ಕೇಳದೆ, ಗೊಬ್ಬರದ ಗುಂಡಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಮಚ್ಚೇಂದ್ರ ಎಲ್ಲ ಹೇಳಿದ. ಹೇಳುವಷ್ಟೂ ಹೊತ್ತು ಅವಳು ಅತ್ತಿತ್ತ ನೋಡುತ್ತಿದ್ದಳು.

"ಮತ್ತ ಯಾರಿಗೆ ಹೇಳಿದಿ?"

"ಯಾರಿಗೂ ಇಲ್ಲ."

"ಹೇಳಬ್ಯಾಡ. ಪೋಲೀಸ್ರು ಬರ್ತಾರ. ಮಯ್ಯತ್ ಕೊಯ್ಯಾಕ ಒಯ್ತಾರ. ವಜೀರಬಿ ಅಕ್ಕ ತಡಕೋತಾಳೇನು ಅದನ್ನ? ಇಡೀ ಮೊಹಲ್ಲಾ ಇಲ್ಲೇ ಕೂಡ್ಯದ. ನೀ ಒಬ್ಬಾಂವ." ಆಮೇಲೆ ಸಿಟ್ಟಿಗೆದ್ದಳು. "ಮರತಿದ್ದಿ ಅಂದ್ರ ಮರತೀನಿ ಅನ್ನಬೇಕಿತ್ತಪ್ಪಾ! ನಿನಗೇನು ಹೊಡೀತಿದ್ರೇನು ಅವ್ರು? ಹಬ್ಬ ಬಂದ್ರ ನಮಗ ಮೊದಲ ಎತ್ತಿಟ್ಟು ಆಮ್ಯಾಲ ತಾವು ಉಣ್ಣೂ ಮನಷ್ಯಾಗ ಸುಳ್ಳು ಹೇಳ್ದಿ?"

"ಅಂಥವರು ಅಂತೇ ಹೇಳಾಕ ಆಗಲಿಲ್ಲ."

"ಈಗ ಹೋಗು. ಹೆಂಗಸ್ರು ಕಡೀ ಮುಖ ನೋಡಾಕ ಒಳಗ ಹೋಗ್ತಾರ. ಆವಾಗ ಪಟ್ಟಿ ಬಿಚ್ಚಿ ಗುಂಡಿಗೆ ಒಗಿ. ಮುಗೀತು."

*

ಮೂರು ದಿನದ ಹಿಂದೆ, ಮಂಗಳವಾರ, ಆ ಸುಲಿದ ವೈರನ್ನು ಕಂಡುಹಿಡಿದದ್ದು ಸಿರಾಜುದ್ದೀನನೇ, ಕಣ್ಣಿನಿಂದಲ್ಲ. ಕಣ್ಣಿಗೆ ಪರೆ ಬಂದು ವರ್ಷದ ಮೇಲಾಗಿತ್ತು. ಕಸಿಯ ಕೆಲಸವೆಲ್ಲ ಈಗ ಮಚ್ಚೇಂದ್ರನ ಕೈಯಲ್ಲೇ. ಉಸ್ತಾದ ಬೆಳಿಗ್ಗೆ ಎದ್ದು ಪ್ರತಿ ಗಿಡದ ಗಂಟನ್ನೂ ಹೆಬ್ಬೆರಳಿನಿಂದ ಸವರಿ, ಎಲ್ಲಿ ಪಟ್ಟಿ ಕಚ್ಚುತ್ತಿದೆ, ಎಲ್ಲಿ ಅಳಿಯ ಮೊಳೆತಿದ್ದಾನೆ ಎಂದು ಹೇಳುತ್ತಿದ್ದ. ಹಾಗೆ ಸವರುತ್ತ ಹೋದವನ ಬೆರಳು ವೈರಿನ ಮೇಲೆ ಹೋಯಿತು. ಪುಣ್ಯಕ್ಕೆ ಮೋಟರ್ ಬಂದ್ ಇತ್ತು.

"ಇಲ್ಲಿ ವೈರ್ ಸುಲದದ ನೋಡೋ ಮಚ್ಚೇಂದ್ರ. ಸೋಹೇಲಗ ಫೋನ್ ಹಚ್ಚಿದ್ದೆ, ಐತ್ವಾರ ಬರ್ತಾನಂತ. ಅಲ್ಲೀತನಕ ನೀ ಹುಮನಾಬಾದಿನಿಂದ ಕರೀ ಟೇಪ್ ತಂದು ಹಚ್ಚಿಬಿಡು."

ಅವತ್ತು ಹುಮನಾಬಾದಿನಲ್ಲಿ ಒಂದು ಬಂಗಲೆಯ ಮೂವತ್ತು ಗಿಡದ ಕೆಲಸ. ಒಂದೊಂದರ ಬುಡಕ್ಕೂ ಮಣ್ಣು ಕೆದರಿ ಕಾಡುಚಿಗುರನ್ನು ಬೇರಿನ ಸಮೇತ ಕೀಳಬೇಕು, ಕತ್ತರಿಸಿದರೆ ಎರಡಾಗಿ ಬರುತ್ತವೆ. ಮುಗಿಯುವಾಗ ಬೆನ್ನು ಹಿಡಿದಿತ್ತು, ಎದುರಿಗೆ ಬಸ್ಸು ನಿಂತಿತ್ತು. ಓಡಿ ಹತ್ತಿದ. ಟೇಪು ನೆನಪಾದದ್ದು ರಾಜೇಶ್ವರದಲ್ಲಿ ಇಳಿದಾಗ.

ಇದನ್ನು ಹೇಳಿದ್ದರೆ ಸಿರಾಜುದ್ದೀನ ಎರಡು ಬೈಗುಳ ಬೈದು ಚಹಾ ಕುಡಿಸುತ್ತಿದ್ದ. ಆದರೆ ಮಚ್ಚೇಂದ್ರನ ಕಿಸೆಯಲ್ಲಿ ಪಟ್ಟಿಯ ಸುರುಳಿ ಇತ್ತು. ಈ ಮನೆಯಲ್ಲಿ ಪಟ್ಟಿಯಿಂದ ಆಗದ ಕೆಲಸವೇ ಇಲ್ಲ. ಉಸ್ತಾದನ ಕನ್ನಡಕದ ಕಡ್ಡಿಗೆ ಪಟ್ಟಿ, ಚಪ್ಪಲಿಯ ಉಂಗುಷ್ಠಕ್ಕೆ ಪಟ್ಟಿ, ವಜೀರಬಿಯ ಚಹಾದ ಕಿಟ್ಲಿಯ ಹಿಡಿಕೆಗೂ ಪಟ್ಟಿ. ಕೈ ಅದನ್ನೇ ತೆಗೆಯಿತು. ನಾಳೆ ಟೇಪು ತಂದರಾಯಿತು ಎಂದುಕೊಂಡು ಸುತ್ತಿ ಗಂಟು ಹಾಕಿದ.

"ಟೇಪ್ ತಂದಿ?" ಮನೆಯೊಳಗಿಂದಲೇ ಕೇಳಿದ ಸಿರಾಜುದ್ದೀನ.

"ತಂದೀನ್ರಿ."

"ಹಚ್ಚಿದಿ?"

"ಹಚ್ಚೀನ್ರಿ."

"ಶಾಭಾಸ್. ನನ್ನ ಕಣ್ಣು ನೀನೇ ನೋಡಪಾ ಈಗ."

ಬುಧವಾರ ಹೋಯಿತು. ಗುರುವಾರ ಹೋಯಿತು. ಶುಕ್ರವಾರ ಬೆಳಿಗ್ಗೆ ಸಿರಾಜುದ್ದೀನ ಮೋಟರ್ ಹಾಕಿ, ಹಸಿ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಗಿಡ ಸವರಲು ಹೋದ.

*

ಸ್ನಾನ ಮುಗಿಸಿ ಅಜೀಮುದ್ದೀನ್ ಹೊರಗೆ ಬಂದ. ನಲವತ್ತು ವರ್ಷದಿಂದ ಊರಿನ ಹೆಣಗಳಿಗೆಲ್ಲ ಸ್ನಾನ ಮಾಡಿಸಿದ ಮನುಷ್ಯ. ತೋಳು ಒರೆಸಿಕೊಳ್ಳುತ್ತ ಮಚ್ಚೇಂದ್ರನ ಎದುರು ನಿಂತ.

"ಹ್ಯಾಂಗಿದ್ರು ಉಸ್ತಾದ್?" ಮಚ್ಚೇಂದ್ರ ಕೇಳಿದ.

ಅಜೀಮುದ್ದೀನ್ ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಮಯ್ಯತ್ ಮ್ಯಾಲ ಕಂಡಿದ್ದು ಹೊರಗ ಹೇಳೂ ರಿವಾಜಿಲ್ಲ," ಎಂದ. "ನಾ ಹೇಳಂಗಿಲ್ಲ. ಮಗನ ಬಾಯಿ ನನ್ನ ಕೈಯಾಗಿಲ್ಲ."

ಒಳಗೆ ಹೆಂಗಸರ ಅಳು ಜೋರಾಯಿತು. ಕೊನೆಯ ಸಲ ಮುಖ ನೋಡಲು ಎಲ್ಲರೂ ಒಳಗೆ ಸೇರಿದ್ದರು. ಪರದೆಯ ಕೆಳಗೆ ಯಾರೂ ಇರಲಿಲ್ಲ. ಮಚ್ಚೇಂದ್ರ ಕಸಿಯ ಚಾಕು ಬಿಚ್ಚಿಕೊಂಡು ಕುಂಡಗಳ ನಡುವೆ ಬಗ್ಗಿ ಓಡಿದ.

ಮೂರನೆಯ ಪೈಪಿನ ಹತ್ತಿರ ಸೋಹೇಲ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಇಕ್ಕಳ. ಅಂಗಿಯ ತೋಳಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ನೋಡು ಮಾಮಾ," ಎಂದ, ತಲೆ ಎತ್ತದೆ. "ಅಬ್ಬಾನ ಕೈ ಬಿಡಿಸಿದೆ. ಕರೆಂಟ್ ಹೊಡದ ಗುರ್ತು ನನಗ ಹೊಸದಲ್ಲ, ನನ್ನ ಕೈಮ್ಯಾಲ ಎರಡು ಅವ. ಹಾರ್ಟೂ ಇಲ್ಲ, ಏನೂ ಇಲ್ಲ."

ಮಚ್ಚೇಂದ್ರ ಕೈ ಬೆನ್ನ ಹಿಂದೆ ಮಾಡಿದ. ಚಾಕು ಅಂಗೈಗೆ ಒತ್ತುತ್ತಿತ್ತು.

"ಮಂಗಳವಾರ ಫೋನ್ ಮಾಡಿದ್ದ. ಐತ್ವಾರ ಬರ್ತೀನಿ ಅಂದೆ. ಅರ್ಧ ತಾಸಿನ ದಾರಿ, ಹತ್ತು ಮಿನಿಟಿನ ಕೆಲಸ. ನಾ ಬರ್ಲಿಲ್ಲಂತ ತಾನೇ ತಡಕಾಡಿ ಪಟ್ಟಿ ಸುತ್ಯಾನ. ಕಣ್ಣು ಕಾಣಲ್ಲ, ಪಟ್ಟಿ ಸುತ್ಯಾನ!" ಸೋಹೇಲನ ಮುಖ ಕಿವುಚಿತು. "ಅಮ್ಮಿಗೆ ನಾ ಹ್ಯಾಂಗ ಮುಖ ತೋರಸ್ಲಿ? ನಾ ಕೊಂದೆ ಮಾಮಾ. ನನ್ನ ಅಬ್ಬಾನ್ನ ನಾನೇ ಕೊಂದೆ."

ಮಚ್ಚೇಂದ್ರ ಆ ಹಸಿರು ಪಟ್ಟಿಯನ್ನು ನೋಡಿದ. ಸಿರಾಜುದ್ದೀನ ಗಂಟು ಹಾಕಿದರೆ ಪಟ್ಟಿಯ ಬಾಲ ಮೇಲಕ್ಕೆ ನಿಲ್ಲುತ್ತದೆ, ಬಿಚ್ಚುವ ದಿನ ಒಂದು ಎಳೆತಕ್ಕೆ ಬಿಚ್ಚಲಿ ಎಂದು. ಮಚ್ಚೇಂದ್ರ ಬಾಲವನ್ನು ಸುತ್ತಿನ ಒಳಗೆ ಸಿಕ್ಕಿಸುತ್ತಾನೆ. ಈ ವ್ಯತ್ಯಾಸ ಇಬ್ಬರಿಗೇ ಗೊತ್ತಿದ್ದದ್ದು. ಒಬ್ಬ ಒಳಗೆ ಬಿಳಿ ಬಟ್ಟೆಯಲ್ಲಿದ್ದ. ಇನ್ನು ಈ ಭೂಮಿಯ ಮೇಲೆ ಯಾರಿಗೂ ತಿಳಿಯುವುದಿಲ್ಲ. ಈಗ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಹೆಗಲ ಮೇಲೆ ಕೈಯಿಟ್ಟು 'ಹಂಗ್ಯಾಕ ಅಂತಿ' ಎಂದರೆ ಇನ್ನೂ ಚೆನ್ನ. ಅವನಿಗೆ ಓಡಬೇಕೆನಿಸಿತು. ಗೊಬ್ಬರದ ಗುಂಡಿಯ ಹತ್ತಿರ ಕಮಳಾಬಾಯಿ ನಿಂತು, ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಅದನ್ನ ಸುತ್ತಿದಾಂವ ನಾನು," ಎಂದ.

ಸೋಹೇಲ ತಲೆ ಎತ್ತಿದ.

"ಕರೀ ಟೇಪ್ ತಾ ಅಂದಿದ್ರು. ಮರತೆ. ತಂದೀನ್ರಿ ಅಂದೆ. ಹಚ್ಚೀನ್ರಿ ಅಂದೆ. ಮುಂಜಾನಿ ಸ್ವಿಚ್ ಆರಿಸಿದಾಂವ ನಾನು. ಅವರ ಕೈ ಮುಷ್ಟಿ ಮಾಡಿದಾಂವನೂ ನಾನೇ. ನೀ ಐತ್ವಾರ ಬರಾಂವ ಇದ್ದಿ, ಅದಕ್ಕೇ ಅವರು ನನಗ ಹೇಳಿದ್ದು."

ಸೋಹೇಲ ನಿಧಾನ ಎದ್ದು ನಿಂತ. ಇಕ್ಕಳ ಹಿಡಿದ ಕೈಯ ನರಗಳು ಉಬ್ಬಿದ್ದವು. ಮಚ್ಚೇಂದ್ರ ಕಣ್ಣು ಮುಚ್ಚಿದ. ಏಟು ತಲೆಗೆ ಬೀಳುತ್ತದೋ ಮುಖಕ್ಕೆ ಬೀಳುತ್ತದೋ ಎಂದು ಕಾದ. ಕಾಲ ಕೆಳಗಿನ ಕೆಸರಿನ ತಂಪು ಮಾತ್ರ ತಿಳಿಯುತ್ತಿತ್ತು.

'ಕಟ್' ಎಂದು ಸದ್ದಾಯಿತು. ಮತ್ತೊಂದು ಸಲ 'ಕಟ್' ಎಂದಿತು. ಕಣ್ಣು ಬಿಟ್ಟಾಗ ಸೋಹೇಲ ವೈರಿನ ಎರಡೂ ಕಡೆ ಕತ್ತರಿಸಿ, ಪಟ್ಟಿ ಸುತ್ತಿದ ಗೇಣುದ್ದ ತುಂಡನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಯಾರಿಗೆ ತೋರಿಸಲು? ತಾಯಿಗೋ, ಠಾಣೆಗೋ, ಮಸೀದಿಯ ಹಿರಿಯರಿಗೋ?

"ಸೋಹೇಲ! ಜನಾಜಾ ಏಳ್ತದ, ಬಾ!" ಯಾರೋ ಕೂಗಿದರು.

ಸೋಹೇಲ ಇಕ್ಕಳ ಕೆಳಗಿಟ್ಟು ಹೋದ.

ಮಯ್ಯತ್ತು ಹೊತ್ತ ಬಿದಿರಿನ ಜನಾಜಾ ಎದ್ದಿತು. ಮಸೀದಿಯ ಮುಂದೆ ನಮಾಜ್ ಆಗುವಾಗ ಮಚ್ಚೇಂದ್ರ ಬೇವಿನ ಮರದ ಕೆಳಗೆ ನಿಂತಿದ್ದ. ಅಲ್ಲಿಂದ ಕಬರಸ್ತಾನಕ್ಕೆ ಅರ್ಧ ಮೈಲಿ, ಕೊನೆಗೆ ಏರು. ಮಯ್ಯತ್ತಿಗೆ ಹೆಗಲು ಕೊಡುವುದು ಪುಣ್ಯವೆಂದು ಎಲ್ಲರೂ ಮುಂದೆ ಬರುತ್ತಾರೆ. ಹತ್ತು ಹೆಜ್ಜೆಗೊಮ್ಮೆ ಒಬ್ಬರು ಸರಿದು ಇನ್ನೊಬ್ಬರು ಹೆಗಲು ಕೊಡುತ್ತಾರೆ. ಮುಂದಿನ ಬಲಗಡೆ ಸೋಹೇಲನಿದ್ದ. ಎಡಗಡೆಯವನು ಸರಿದಾಗ ಅಲ್ಲಿದ್ದ ಯಾರೋ ಹಳೆಯ ರೂಢಿಯಂತೆ "ಬಾರೋ ಮಚ್ಚೇಂದ್ರ" ಎಂದು ಇವನನ್ನು ಮುಂದೆ ನೂಕಿದರು. ಇವನು ಹೆಗಲು ಕೊಟ್ಟ. ಸೋಹೇಲ ತಿರುಗಿ ನೋಡಲಿಲ್ಲ.

ಹತ್ತು ಹೆಜ್ಜೆಯಾಯಿತು. ತುಳಜಾರಾಮ ಮುಂದೆ ಬಂದು, "ಬಿಡೋ, ನಾ ಕೊಡ್ತೀನಿ," ಎಂದು ಹೆಗಲು ಒಡ್ಡಿದ.

"ಬ್ಯಾಡ ಕಾಕಾ," ಎಂದ ಸೋಹೇಲ. ಗಟ್ಟಿಯಾಗಿಯೇ ಹೇಳಿದ. "ಇಂವಗ ಯಾರೂ ಬದಲಿ ಕೊಡಬ್ಯಾಡ್ರಿ. ಇಂವ ಕಡೀತನಕ ಹೊರ್ತಾನ."

ಹಿಂದಿನವರು ಅದನ್ನು ದೊಡ್ಡ ಮನಸ್ಸಿನ ಮಾತೆಂದು ತಿಳಿದರು. ಒಬ್ಬಿಬ್ಬರು ಹೌದ್ಹೌದು ಎಂದು ತಲೆದೂಗಿದರು. ತುಳಜಾರಾಮ ಟೋಪಿ ಸರಿಪಡಿಸಿಕೊಂಡು ಹಿಂದೆ ಸರಿದ.

ಏರು ಶುರುವಾಯಿತು. ಹಿಂದಿನ ಎರಡು ಹೆಗಲು ಮತ್ತೆ ಮತ್ತೆ ಬದಲಾದವು, ಮುಂದಿನ ಎರಡು ಬದಲಾಗಲಿಲ್ಲ. ಸೋಹೇಲ ಇವನಿಗಿಂತ ಗೇಣು ಎತ್ತರದವ. ಅವನ ಕಡೆ ಎದ್ದ ಭಾರವೆಲ್ಲ ಇತ್ತ ವಾಲಿ ಬಿದಿರು ಮಚ್ಚೇಂದ್ರನ ಎಲುಬಿಗೆ ಕಚ್ಚುತ್ತಿತ್ತು. ಮೇಲೆ ಅಗೆದಿಟ್ಟ ಕೆಂಪು ಮಣ್ಣಿನ ಗುಡ್ಡೆ ಕಾಣಿಸಿತು, ಅದರ ಪಕ್ಕ ನಿಂತ ಜನ ಕಾಣಿಸಿದರು. ಮಯ್ಯತ್ತು ತನ್ನ ಕಡೆಗೆ ಜಾರಬಾರದೆಂದು ಮಚ್ಚೇಂದ್ರ ಹಿಮ್ಮಡಿ ಎತ್ತಿದ. ತುದಿಗಾಲಿನ ಮೇಲೆ, ಒಂದೊಂದೇ ಹೆಜ್ಜೆ, ಅತ್ತ ಕಡೆಯ ಎತ್ತರಕ್ಕೆ ಸಮನಾಗಿ ಹೆಗಲು ಎತ್ತಿ ಹಿಡಿದು ನಡೆದ.